ಗಡ್ಡದ ಪಾದ್ರಿಯ ಬಟ್ಟಲು

ಪಕ್ಕದ ಮನೆ ಚನ್ನಯ್ಯನ ಅಜ್ಜ ಯಾವ ಕಾಲದಲ್ಲೋ ಒಬ್ಬ ಪಾದ್ರಿಯ ಮೈಮೇಲೆ ಸೆಗಣಿ ಎಸೆದಿದ್ದನಂತೆ. ಅಷ್ಟಕ್ಕೇ ಹೊಸಪೇಟೆಯ ಪಾತ್ರೆ ಅಂಗಡಿ ಜಡೆಪ್ಪನಿಗೆ ಅವತ್ತು ಬೆಳಗಿನ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಎಸೆದದ್ದಕ್ಕಲ್ಲ ಅವನ ಸಂಕಟ. ಎಸೆದದ್ದು ಪುಸ್ತಕದಲ್ಲಿ ಬರುತ್ತದಲ್ಲ, ಅದಕ್ಕೆ! ಮದರಾಸಿನ ಯಾವುದೋ ಕಾಲೇಜಿನಲ್ಲಿ ಧರ್ಮಗಳ ಚರಿತ್ರೆ ಕಲಿಸುವ ಕಮಲಾಕರ ರಾಯರೆಂಬ ಪ್ರೊಫೆಸರು ಊರಿಗೆ ಬಂದಿದ್ದರು. ಈ ಸೀಮೆಗೆ ಮಿಶನ್ನಿನವರು ಹೇಗೆ ಬಂದರು, ಎಲ್ಲಿ ನಿಂತು ಬೋಧಿಸಿದರು, ಯಾರು ಕೇಳಿದರು, ಯಾರು ಓಡಿಸಿದರು ಎಂದು ಅವರು ವರ್ಷಗಟ್ಟಲೆ ತಿರುಗಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆಯುತ್ತಿದ್ದರು. ಅದು ವಿಲಾಯಿತಿಗೂ ಹೋಗುವುದಂತೆ. ಅಂಥವರು ಬಂದು ಕೂತದ್ದು ಎಲ್ಲಿ? ಚನ್ನಯ್ಯನ ಕಟ್ಟೆಯ ಮೇಲೆ.

ಚನ್ನಯ್ಯ ಅಕ್ಕಿ ಗಿರಣಿಯ ಮಾಲೀಕ. ಅವನು ಮನೆಗೆ ಮಂಗಳೂರು ಹೆಂಚು ಹೊದಿಸಿದ ವರ್ಷ ಜಡೆಪ್ಪನಿಗೆ ಅಜೀರ್ಣ ಹತ್ತಿತ್ತು. ಅವನು ಗ್ರಾಮಫೋನ್ ತಂದ ವಾರ ಜಡೆಪ್ಪನ ಕಿವಿಯೇ ಸೋರತೊಡಗಿತು. ಈಗ ಈ ಪ್ರೊಫೆಸರು! ಚನ್ನಯ್ಯ ಬೇಕೆಂದೇ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

"ಬರಕೋರಿ ರಾಯರ, ನಮ್ಮಜ್ಜ ಒಂದ ಏಟಿಗೆ ಗಡ್ಡದ ಪಾದ್ರಿ ಗಡ್ಡಕ್ಕ ಹೊಡದ. ಗುರಿ ಅಂದ್ರ ಅದು! ಅಜ್ಜನ ಹೆಸರು ದಪ್ಪ ಅಕ್ಷರದಾಗ ಹಾಕಿಸ್ರಿ."

"ಏನ್ರೀ, ಅವರ ಮನಿ ಕಡೆ ಎಷ್ಟೊತ್ತು ನೋಡತೀರಿ?" ಎಂದು ಒಳಗಿನಿಂದ ಹೆಂಡತಿ ಮರುಳಸಿದ್ದಮ್ಮ ಕೂಗಿದಳು. "ಸಂಜಿಕೆ ಸಂಡೂರಿನವರು ಬರ್ತಾರ. ಎಲಿ ಅಡಿಕಿ ತರಾದೈತಿ, ಬಾಳೆಹಣ್ಣು ತರಾದೈತಿ, ನೆಪ್ಪೈತೋ ಇಲ್ಲೋ?"

ನೆಪ್ಪಿಲ್ಲದೆ ಏನು! ಜೀವಮಾನದಲ್ಲಿ ಜಡೆಪ್ಪ ಚನ್ನಯ್ಯನನ್ನು ಹಿಂದೆ ಹಾಕಿದ್ದು ಈ ಒಂದು ವಿಷಯದಲ್ಲೇ. ಸಂಡೂರಿನ ಗವಿಸಿದ್ದಪ್ಪನ ಮಗ ಮ್ಯಾಂಗನೀಸ್ ಗಣಿ ಕಂಪನಿಯಲ್ಲಿ ಗುಮಾಸ್ತ, ಬಿಳಿ ದೊರೆಯ ಕೈಕೆಳಗೆ ಕೆಲಸ. ಆ ಹುಡುಗನನ್ನು ಚನ್ನಯ್ಯನೂ ತನ್ನ ಮಗಳಿಗೆ ಕೇಳಿದ್ದ. ಆದರೆ ಗವಿಸಿದ್ದಪ್ಪ ಒಲಿದದ್ದು ಜಡೆಪ್ಪನ ಮಗಳು ವಿರುಪಮ್ಮನಿಗೆ. ಇವತ್ತು ಸಂಜೆ ವೀಳ್ಯ ಬದಲಾಯಿಸಿದರೆ ಮುಗಿಯಿತು, ಸಂಬಂಧ ಗಟ್ಟಿ. ಆದರೂ ಅಸೂಯೆಗೆ ಸಂಜೆಯವರೆಗೆ ತಡೆಯುವ ತಾಳ್ಮೆ ಎಲ್ಲಿರುತ್ತದೆ? ಪ್ರೊಫೆಸರು ಚನ್ನಯ್ಯನ ಕಟ್ಟೆ ಇಳಿದದ್ದೇ ತಡ, ಜಡೆಪ್ಪ ಅಡ್ಡ ಹೋಗಿ ನಿಂತ.

"ನಮಸ್ಕಾರ್ರಿ ರಾಯರ. ಒಂಚೂರು ನಮ್ಮ ಅಂಗಡಿಗೆ ಬರ್ರಿ, ಕುಂದ್ರಿ. ಸೆಗಣಿ ಒಗದದ್ದು ಏನು ದೊಡ್ಡಸ್ತಿಕೀರಿ? ಆ ಸೆಗಣಿ ತೊಳದವರು ಯಾರು ಅನ್ನಾದು ಕೇಳಿದ್ರೇನು?"

ರಾಯರು ಕನ್ನಡಕ ಸರಿಮಾಡಿಕೊಂಡರು. "ಯಾರು?"

"ನಮ್ಮಜ್ಜ!" ಎಂದ ಜಡೆಪ್ಪ. ಅಲ್ಲಿಂದ ಅವನ ನಾಲಿಗೆಗೆ ಲಗಾಮೇ ಉಳಿಯಲಿಲ್ಲ. ಅಜ್ಜ ಪಾದ್ರಿಯನ್ನು ಮನೆಗೆ ಕರೆದದ್ದು, ಬಿಸಿನೀರು ಹುಯ್ದದ್ದು, ತನ್ನದೇ ಧೋತರ ಉಡಿಸಿ ರೊಟ್ಟಿ ಗುರೆಳ್ಳುಪುಡಿ ಬಡಿಸಿದ್ದು, ಪಾದ್ರಿ ಖಾರಕ್ಕೆ ಕಣ್ಣೀರು ಹಾಕಿದ್ದು, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಹೇಳಿದ. ಅಜ್ಜ ಹುಟ್ಟಿದ ಮೇಲೆ ಇಷ್ಟು ಒಳ್ಳೆಯ ಕೆಲಸ ಮಾಡಿದ್ದು ಇದೇ ಮೊದಲು.

"ಬಹಳ ಸೊಗಸಾಗಿದೆ. ಆದರೆ ಚರಿತ್ರೆಗೆ ಆಧಾರ ಬೇಕಲ್ಲ" ಎಂದರು ರಾಯರು.

ಆಧಾರ! ಜಡೆಪ್ಪ ಸುತ್ತ ನೋಡಿದ. ಮೂಲೆಯಲ್ಲಿ ಜನ ಹೊಸ ಪಾತ್ರೆ ಒಯ್ಯುವಾಗ ಬದಲಿಗೆ ಹಾಕಿಹೋದ ಹಳೆಯ ಪಾತ್ರೆಗಳ ರಾಶಿಯಿತ್ತು. ಎಲ್ಲದರ ಮೇಲೂ ಯಾರ್‍ಯಾರದೋ ಹೆಸರು ಕೊರೆದಿರುವುದು ವಾಡಿಕೆ. ಅದರೊಳಗೆ ಇಂಗ್ಲಿಷ್ ಅಕ್ಷರ ಕೊರೆದ ಒಂದು ತಾಮ್ರದ ಬಟ್ಟಲಿತ್ತು. ಕಂಪ್ಲಿ ಸಂತೆಗೆ ಹೋದಾಗ ಯಾವನೋ ಸೌಟಿನ ಬದಲಿಗೆ ಹಾಕಿದ್ದು. ಇಂಗ್ಲಿಷ್ ಬಾರದ ಜಡೆಪ್ಪ ಅದನ್ನೇ ಪಂಚೆಯ ಚುಂಗಿನಲ್ಲಿ ಒರೆಸಿ ಮುಂದೆ ಹಿಡಿದ.

"ಇದ ನೋಡ್ರಿ. ಪಾದ್ರಿ ಹೋಗುವಾಗ ನಮ್ಮಜ್ಜನ ಕೈಯಾಗ ಕೊಟ್ಟು ಹೋಗ್ಯಾನ."

ರಾಯರು ಬಟ್ಟಲನ್ನು ಬೆಳಕಿಗೆ ತಿರುಗಿಸಿದರು. ಅಕ್ಷರ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

"ಜಡೆಪ್ಪನವರೇ! ಇದು ಗಡ್ಡದ ಪಾದ್ರಿಗಳ ಬಟ್ಟಲೇ ಸರಿ, ಅವರ ಹೆಸರೇ ಇದೆ! ಹತ್ತು ವರ್ಷದಿಂದ ಇದನ್ನೇ ಹುಡುಕುತ್ತಿದ್ದೇನೆ!"

ಜಡೆಪ್ಪ ಎದೆಯುಬ್ಬಿಸಿ ಚನ್ನಯ್ಯನ ಮನೆ ಕಡೆ ನೋಡಿದ. ಸುಳ್ಳಿಗೆ ಇಷ್ಟು ಸಲೀಸಾಗಿ ಸಾಕ್ಷಿ ಸಿಕ್ಕೀತೆಂದು ಅವನೂ ಎಣಿಸಿರಲಿಲ್ಲ.

"ಇದು ದೀಕ್ಷಾಸ್ನಾನದ ಬಟ್ಟಲು" ಎಂದು ರಾಯರು ಮುಂದುವರಿಸಿದರು. "ಈ ಊರಿನಲ್ಲಿ ಮೊದಲು ಗುಟ್ಟಾಗಿ ಕ್ರಿಸ್ತಮತಕ್ಕೆ ಸೇರಿದ ವರ್ತಕನೊಬ್ಬನಿಗೆ ಪಾದ್ರಿಗಳು ಇದನ್ನು ನೆನಪಿಗೆಂದು ಕೊಟ್ಟಿದ್ದರು. ಆತ ಯಾರೆಂದು ಇವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಆತ ನಿಮ್ಮ ಅಜ್ಜ!"

ಅಷ್ಟರಲ್ಲಿ ಹಿಂದೆ ಢಣ್ ಎಂದು ಸದ್ದಾಯಿತು. ತೂತುಬಿದ್ದ ಕೊಡ ಬದಲಾಯಿಸಲು ಬಂದಿದ್ದ ಓಣಿಯ ದ್ಯಾಮಕ್ಕ ಕೊಡವನ್ನು ಅಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಿದ್ದಳು. ಆಕೆಯ ಬಾಯಿಗೆ ಬಿದ್ದ ಸುದ್ದಿ ತಾರಾಫೀಸಿಗಿಂತ ಜಲ್ದಿ ಊರು ಮುಟ್ಟುತ್ತಿತ್ತು.

ರಾಯರು ಬಟ್ಟಲಿಗೆ ಕೈಮುಗಿದು, "ಮಧ್ಯಾಹ್ನ ಹಂಪಿಗೆ ಹೋಗಿ ಪಾದ್ರಿಗಳು ಬೋಧಿಸಿದ ಮಂಟಪ ನೋಡಬೇಕು, ಸಂಜೆ ಬರುತ್ತೇನೆ" ಎಂದು ಹೋದರು. ಅವರ ಬೆನ್ನಿಗೇ ಮಠದ ಕಡೆಯಿಂದ ಅದೇ ಓಣಿಯ ಹುಲುಗಪ್ಪ ಬಂದ.

"ಏನಪಾ ಜಡೆಪ್ಪ, ಇನ್ನ ಐತವಾರ ಅಂಗಡಿ ತಗೀತಿಯೋ, ಬಂದ್ ಮಾಡಿ ಪ್ರಾರ್ಥನಿಗೆ ಹೊಂಟೀಯೋ?"

ಚನ್ನಯ್ಯನಂತೂ ಕಟ್ಟೆಯ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಜಡೆಪ್ಪಣ್ಣ, ಇಷ್ಟು ದಿನ ಮುಚ್ಚಿಟ್ಟಿದ್ದೆಲ್ಲೋ! ನಿನ್ನ ಖರೇ ಹೆಸರು ಜೋಸೆಪ್ಪ ಏನು?"

ಒಳಗೆ ಮರುಳಸಿದ್ದಮ್ಮ ಕೇಸರಿಬಾತಿನ ಸೌಟು ಹಿಡಿದೇ ಅಳುತ್ತಿದ್ದಳು. "ಗವಿಸಿದ್ದಪ್ಪನೋರು ಹಣಿ ತುಂಬ ವಿಭೂತಿ ಬಡಕೊಂಡು, ಪೂಜಿ ಮಾಡದ ನೀರು ಸೈತ ಕುಡಿಯದಂಥೋರು. ಅವರ ಕಿವಿಗೆ ಬಿದ್ರ ಮಗಳ ಗತಿ ಏನ್ರೀ? ನಿಮ್ಮಜ್ಜ ಎಂದ ಯಾರಿಗೆ ರೊಟ್ಟಿ ನೀಡಿದ್ದ? ಹೆತ್ತ ಮಕ್ಕಳಿಗೇ ಎಣಿಸಿ ನೀಡ್ತಿದ್ದನಂತ!"

"ಸುಮ್ನಿರ, ಎಲ್ಲಾ ಸರಿ ಮಾಡ್ತೀನಿ" ಎಂದು ಜಡೆಪ್ಪ ರುಮಾಲು ಸುತ್ತಿ ಜಟಕಾ ಹತ್ತಿ ಹಂಪಿಗೆ ಹೊರಟ. ಕಮಲಾಪುರ ದಾಟಿದ ಮೇಲೆ ಕುದುರೆ ನಿಂತುಬಿಟ್ಟಿತು. ಜಟಕಾದವನು ಬೈದ, ಬೇಡಿಕೊಂಡ, ಹುಲ್ಲು ತೋರಿಸಿದ. ಕುದುರೆ ಹುಲ್ಲು ತಿಂದು ಮತ್ತೆ ನಿಂತಿತು. ಉರಿಬಿಸಿಲಿನಲ್ಲಿ ಬಂಡೆಗಳ ನಡುವೆ ಜಡೆಪ್ಪ ನಡೆದೇ ಹೋದ. ಬಜಾರಿನ ಸಾಲುಮಂಟಪ ಮುಟ್ಟುವ ಹೊತ್ತಿಗೆ ಧೂಳಿನಲ್ಲಿ ಅವನ ಗುರುತೇ ಹತ್ತುವಂತಿರಲಿಲ್ಲ. ಪುಣ್ಯಕ್ಕೆ ರಾಯರು ಅಲ್ಲೇ ಒಂದು ಕಂಬದ ಪಕ್ಕ ನಿಂತು, ಪಾದ್ರಿ ನಿಂತದ್ದು ಇಲ್ಲೋ ಅಲ್ಲೋ ಎಂದು ಕೊಡೆಯಿಂದ ಜಾಗ ಅಳೆಯುತ್ತಿದ್ದರು.

"ರಾಯರ, ತಪ್ಪಾತ್ರಿ! ಆ ಬಟ್ಟಲು ನಮ್ಮದಲ್ಲ!"

"ಮತ್ತೆ ಯಾರದ್ದು?"

ಇಲ್ಲಿ ಜಡೆಪ್ಪ 'ಗೊತ್ತಿಲ್ಲ, ಕಂಪ್ಲಿ ಸಂತೆಯದ್ದು' ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿದು ನೀವೂ ನಾವೂ ಮನೆಗೆ ಹೋಗಬಹುದಿತ್ತು. ಆದರೆ ಅವನ ಕಣ್ಣ ಮುಂದೆ ಕಟ್ಟೆಯ ಮೇಲೆ ಹೊಟ್ಟೆ ಹಿಡಿದು ನಗುವ ಚನ್ನಯ್ಯ ಬಂದು ನಿಂತ.

"ಚನ್ನಯ್ಯನ ಮನೀದ್ರಿ! ಅವರ ಮನ್ಯಾಗಿಂದ ಹಳೇ ತಾಮ್ರದ ಜೊತಿ ನಮ್ಮ ಅಂಗಡಿಗೆ ಬಂದದ್ದು. ಮತ ಬಿಟ್ಟವ ಅವರಜ್ಜ!"

"ಸೆಗಣಿ ಎಸೆದವರೇ?"

"ಅದ ಮತ್ತ! ಹಗಲೊತ್ತು ಮಂದಿ ಮುಂದ ಸೆಗಣಿ ಒಗದ. ಕತ್ತಲಾದ ಮ್ಯಾಲೆ ಹೋಗಿ ಕಾಲು ಹಿಡಕಂಡ."

ರಾಯರ ಕೊಡೆ ಕೆಳಗೆ ಬಿತ್ತು. "ಹಿಂಸಿಸಿದವನೇ ಶಿಷ್ಯನಾದ! ಎಂಥ ಪರಿವರ್ತನೆ! ಜಡೆಪ್ಪನವರೇ, ಇದು ಒಂದು ಸಾಲಿನಲ್ಲಿ ಬರೆಯುವ ವಿಷಯವಲ್ಲ. ಇಡೀ ಒಂದು ಅಧ್ಯಾಯವನ್ನೇ ಅವರಿಗೆ ಕೊಡುತ್ತೇನೆ!"

ಜಡೆಪ್ಪನಿಗೆ ಖುಷಿ ಅರ್ಧಕ್ಕೇ ನಿಂತಿತು. ಇಡೀ ಅಧ್ಯಾಯ? ಮತ ಬಿಟ್ಟರೂ ಚನ್ನಯ್ಯನ ಅಜ್ಜನಿಗೇ ಅಧ್ಯಾಯವೇ? ಹೊಟ್ಟೆಯೊಳಗೆ ಮತ್ತೆ ಸಣ್ಣಗೆ ಉರಿ ಎದ್ದಿತು. ಆದರೂ ಮಗಳ ಸಂಬಂಧ ಉಳಿಯಿತಲ್ಲ, ಮೇಲಾಗಿ ಅಪಖ್ಯಾತಿಯ ಮೂಟೆ ಪಕ್ಕದ ಮನೆಗೆ ಹೋಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಅವರನ್ನೇ ಕರೆದುಕೊಂಡು ಊರಿಗೆ ಬಂದ.

ಮನೆ ಮುಂದೆ ಸಂಡೂರಿನವರ ಚಪ್ಪಲಿಗಳ ಸಾಲೇ ಇತ್ತು. ನಡುಮನೆಯ ಜಮಖಾನೆಯ ಮೇಲೆ ಗವಿಸಿದ್ದಪ್ಪ ಹಣೆ ತುಂಬ ವಿಭೂತಿ ಹಚ್ಚಿ, ಹೆಗಲ ಮೇಲೆ ಶಲ್ಯ ಹಾಕಿ ಬಿಗಿಯಾಗಿ ಕೂತಿದ್ದ. ಕೇಸರಿಬಾತಿನ ತಟ್ಟೆ ಮುಟ್ಟಿರಲಿಲ್ಲ. ಬಾಗಿಲಲ್ಲಿ ದ್ಯಾಮಕ್ಕ, ಹುಲುಗಪ್ಪ, ಅವರ ಹಿಂದೆ ಅರ್ಧ ಓಣಿ.

"ಜಡೆಪ್ಪನೋರ, ಮೋಟಾರು ಇಳಿಯಾಕತ್ತಿದ್ವಿ, ಈ ಅಕ್ಕ ಒಂದು ಸುದ್ದಿ ಹೇಳಿದ್ಲು" ಎಂದು ಗವಿಸಿದ್ದಪ್ಪ ಗಂಟಲು ಸರಿಮಾಡಿಕೊಂಡ. "ಗಡ್ಡದ ಪಾದ್ರಿ ಬಟ್ಟಲು ನಿಮ್ಮನೀದಂತ. ಹೌದೋ ಅಲ್ಲೋ, ಒಂದ ಮಾತಿನಾಗ ಹೇಳ್ರಿ."

ಜಡೆಪ್ಪ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದ. "ಲಿಂಗದ ಆಣಿಗೂ ಅಲ್ರಿ! ಅದು ಪಕ್ಕದ ಮನಿ ಚನ್ನಯ್ಯನೋರದು. ಆ ಪಾದ್ರಿಗೂ ನಮ್ಮ ಮನಿತನಕ್ಕೂ ಯಾವ ಸಂಬಂಧಾನೂ ಇಲ್ಲ. ಬೇಕಾರ ಪ್ರೊಫೆಸರನ್ನ ಕೇಳ್ರಿ."

"ನಿಜ. ಅದು ಚನ್ನಯ್ಯನವರ ಅಜ್ಜನದೇ" ಎಂದರು ರಾಯರು ಬಾಗಿಲಿನಿಂದ.

ಗವಿಸಿದ್ದಪ್ಪ ತೊಡೆ ತಟ್ಟಿಕೊಂಡ. "ಛೇ, ಛೇ, ಛೇ! ಎಂಥಾ ಆಸೆ ಇಟ್ಕಂಡು ಕುಂತಿದ್ನಲ್ರಿ!"

"ಆಸೆ?"

"ನಮ್ಮ ಹುಡುಗನ ದೊರಿ ಯಾರ ಅಂತ ಮಾಡೀರಿ? ಗಡ್ಡದ ಪಾದ್ರಿ ಮೊಮ್ಮಗ! ನಮ್ಮ ತಾತನ ಬಟ್ಟಲು ಇಟ್ಕಂಡ ಮನಿತನ ಹುಡುಕಿ ಕೊಡ್ರಿ, ಆ ಮನ್ಯಾಗಿನವರಿಗೆ ಬೇಕಾದ ಕೆಲಸ ಕೊಡ್ತೀನಿ ಅಂತ ಇಡೀ ಸಂಡೂರಿಗೆ ಹೇಳಿಟ್ಟಾನ. ಈ ರಾಯರು ಪುಸ್ತಕ ಬರಿಯಾಕ ಹೊಂಟದ್ದೂ ಅವನ ಖರ್ಚಿನಾಗ. ಆ ಮನಿ ಅಳಿಯ ಅಂದ್ರ ನಮ್ಮ ಹುಡುಗ ನಾಳಿಗೇ ಹೆಡ್‌ಗುಮಾಸ್ತ ಆಗ್ತಿದ್ದ!"

ಜಡೆಪ್ಪನ ಕೈಯೊಳಗಿನ ಲಿಂಗ ಬೆವೆತಿತು. "ಮತ್ತ... ಮತ ಬಿಟ್ಟದ್ದು? ನಿಮ್ಮಂಥಾ ಮಡಿವಂತರು..."

"ಬಿಟ್ಟವ ಸತ್ತು ಯಾವ ಕಾಲ ಆತು! ನಾನೇನು ಅವನಿಗೆ ಹೆಣ್ಣು ಕೊಡಬೇಕೇನು? ಅವರ ಮಂದಿ ಎಲ್ಲಾ ಈಗ ಲಿಂಗ ಕಟ್ಟೇ ಅದಾರಲ್ಲ."

"ಬೀಗರ, ಒಂದ್ ನಿಮಿಷ ಕುಂದ್ರಿ. ಆ ಬಟ್ಟಲು, ನೋಡ್ರಿ, ಖರೇ ಹೇಳಬೇಕಂದ್ರ..."

"ಲಿಂಗದ ಆಣಿ ಹಾಕಿ ಹೇಳಿ ಆತಲ್ರಿ. ಅದಕ್ಕಿಂತ ಖರೇ ಮಾತು ಇನ್ನೊಂದು ಇರತೈತೇನು?" ಗವಿಸಿದ್ದಪ್ಪ ಶಲ್ಯ ಕೊಡವಿಕೊಂಡು ಎದ್ದ. "ತಪ್ಪು ತಿಳಕಾಬ್ಯಾಡ್ರಿ. ನಮ್ಮ ಹುಡುಗನ್ನ ಚನ್ನಯ್ಯನೋರೂ ಕೇಳಿದ್ರು, ಆವಾಗ ನಾನ ಒಲ್ಲೆ ಅಂದಿದ್ದೆ. ಇನ್ನೂ ಆ ಹುಡುಗೀದು ಗಟ್ಟಿಯಾಗಿಲ್ಲ ಹೌದಲ್ಲ, ದ್ಯಾಮಕ್ಕ?"

"ಇಲ್ರೀ ಯಪ್ಪಾ, ಬರ್ರಿ, ನಾನ ಕರಕಂಡು ಹೋಗ್ತೀನಿ!" ಎಂದು ದ್ಯಾಮಕ್ಕ ದಾರಿ ತೋರಿಸಿದಳು. ಚಪ್ಪಲಿಗಳ ಸಾಲು ಪಕ್ಕದ ಮನೆಯ ಮುಂದೆ ಹೋಗಿ ನಿಂತಿತು.

ಗೋಡೆಯಾಚೆ ಮೊದಲು ಚನ್ನಯ್ಯನ ಗದ್ದಲ ಕೇಳಿಸಿತು. "ಏನಂದ್ರಿ? ನಮ್ಮಜ್ಜ ಮತ ಬಿಟ್ಟಿದ್ನಾ? ಯಾವನವ ಹೇಳಿದವ, ಹಲ್ಲು ಮುರೀತೀನಿ!" ಆಮೇಲೆ ಗವಿಸಿದ್ದಪ್ಪನ ಗುಸುಗುಸು. ಆಮೇಲೆ ಚನ್ನಯ್ಯನ ಮೆತ್ತನೆಯ ದನಿ. "ಈಗ ನೆಪ್ಪಾಗ್ತೈತಿ ನೋಡ್ರಿ. ಅಜ್ಜ ರಾತ್ರಿ ಮಲಗೋಮುಂದ ಕಣ್ಣು ಮುಚ್ಚಿ ಮಣಮಣ ಏನೋ ಅಂತಿದ್ದ. ಹೆಂಗಸರ, ಎಲಿ ಅಡಿಕಿ ತಟ್ಟಿ ತರ್ರಿ!"

ಮರುಳಸಿದ್ದಮ್ಮ ಗಂಡನನ್ನು ಒಮ್ಮೆ ನೋಡಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಜಡೆಪ್ಪ ಜಮಖಾನೆಯ ಮೇಲೆ ಒಬ್ಬನೇ ಕೂತ. ಬಟ್ಟಲು ಒಯ್ಯಲು ಪ್ರೊಫೆಸರು ನಗುನಗುತ್ತ ಒಳಗೆ ಬಂದರು.

"ನಿಮ್ಮ ಉಪಕಾರ ಮರೆಯುವಂಥದ್ದಲ್ಲ, ಜಡೆಪ್ಪನವರೇ. ಮಾಹಿತಿ ಕೊಟ್ಟವರೆಂದು ನಿಮ್ಮ ಹೆಸರನ್ನೂ ಪುಸ್ತಕದಲ್ಲಿ ಹಾಕುತ್ತೇನೆ, ಅಡಿಟಿಪ್ಪಣಿಯಲ್ಲಿ."

ಜಡೆಪ್ಪ ತಲೆ ಎತ್ತಿದ. "ಅಡಿಟಿಪ್ಪಣಿ ಅಂದ್ರ ಎಲ್ಲಿ ಬರತೈತಿರಿ?"

"ಪುಟದ ಕೆಳತುದಿಗೆ, ಸಣ್ಣ ಅಕ್ಷರದಲ್ಲಿ."

"ಅದರ ಮ್ಯಾಲೆ?"

"ಮೇಲೆ ಚನ್ನಯ್ಯನವರ ಅಜ್ಜ" ಎಂದರು ರಾಯರು, ಬಟ್ಟಲನ್ನು ಕರವಸ್ತ್ರದಲ್ಲಿ ಸುತ್ತಿಕೊಳ್ಳುತ್ತ. "ದಪ್ಪ ಅಕ್ಷರದಲ್ಲಿ."