ಸಮುದ್ರದ ಮೇಲಿನ ಒತ್ತುವರಿ ಪ್ರಕರಣ

ಕಡಲದಂಡೆಯ ಕಾಲುದಾರಿಯ ಒಟ್ಟು ಉದ್ದ ಹದಿನಾಲ್ಕು ಕಿಲೋಮೀಟರ್ ಎಂಬುದು ಸ್ಥಾಪಿತ ಸತ್ಯ. ಕಾಲುದಾರಿ ಇಲಾಖೆಯ ದಾಖಲೆಯಲ್ಲಿ ಹಾಗೆಯೇ ಇದೆ, ಬಸ್ ನಿಲ್ದಾಣದ ಗೋಡೆಯ ನಕ್ಷೆಯಲ್ಲಿ ಹಾಗೆಯೇ ಇದೆ, ಕಚೇರಿಯ ಬಾಗಿಲ ಮೇಲಿನ ಹಿತ್ತಾಳೆ ಅಕ್ಷರಗಳಲ್ಲೂ ಹಾಗೆಯೇ ಇದೆ. ಆದ್ದರಿಂದ ಮಳೆಗಾಲ ಮುಗಿದ ಮೊದಲ ಸೋಮವಾರ ದಾರಿಯಕ್ಕ ಕಚೇರಿಗೆ ಬಂದು, ದಾರಿಯ ಇನ್ನೂರು ಮೀಟರ್ ಸಮುದ್ರಕ್ಕೆ ಕುಸಿದು ಬಿದ್ದಿದೆ ಎಂದಾಗ ಯಾರೂ ತಲೆ ಎತ್ತಲಿಲ್ಲ.

ದಾರಿಯಕ್ಕ ಆ ಇಲಾಖೆಯ ದಾರಿಪಾಲಕಿ. ಹತ್ತೊಂಬತ್ತು ವರ್ಷದಿಂದ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಳದಿ ಬಣ್ಣದ ಡಬ್ಬಿ ಹಿಡಿದು ಆ ಕಪ್ಪು ಬಂಡೆಗಳ ಮೇಲೆ ನಡೆಯುತ್ತಿದ್ದಳು. ಮುಳ್ಳು ಸವರುವುದು, ಮಾಸಿದ ಬಾಣದ ಗುರುತಿಗೆ ಮತ್ತೆ ಬಣ್ಣ ಬಳಿಯುವುದು ಅವಳ ಕೆಲಸ. ಚಾರಣಿಗರು ಆ ಬಾಣಗಳನ್ನು ಕಣ್ಣುಮುಚ್ಚಿ ನಂಬುತ್ತಿದ್ದರು. ಯಾವ ಬಂಡೆಯ ಪಾಚಿ ಜಾರುತ್ತದೆ, ಯಾವ ಬಂಡೆಗೆ ಅಂಟಿದ ಚಿಪ್ಪು ಅಂಗಾಲು ಕುಯ್ಯುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಮನೆಯಲ್ಲಿ ಅವಳ ಅತ್ತೆ ಮಾತ್ರ, "ನಮ್ಮ ಸೊಸೆ ಕಲ್ಲಿಗೆ ಬಣ್ಣ ಹಚ್ಚಿ ಸಂಬಳ ತಗೋತಾಳೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಹೆಮ್ಮೆಯೋ ಅನುಮಾನವೋ ಎಂದು ಇದುವರೆಗೆ ತೀರ್ಮಾನವಾಗಿಲ್ಲ.

ದಾರಿಯಕ್ಕ ಕೇಳಿದ್ದು ಒಂದು ಡಬ್ಬಿ ಹಳದಿ ಬಣ್ಣ. ಕುಸಿದ ಜಾಗವನ್ನು ಬಿಟ್ಟು ಮೇಲಿನಿಂದ ಬಳಸಿಕೊಂಡು ಹೋಗುವ ಹಾಗೆ ಹೊಸ ಬಾಣ ಬರೆಯಬೇಕಿತ್ತು.

"ಯಾವ ದಾರಿಗಕ್ಕ ಬಣ್ಣ?" ಎಂದ ಗುಮಾಸ್ತ.

"ಹೊಸ ದಾರಿಗೆ. ಹಳೇದು ನೀರಲ್ಲಿದೆಯಲ್ಲ."

"ಹೊಸ ದಾರಿ ದಾಖಲೆಯಲ್ಲಿದೆಯಾ?"

"ಇಲ್ಲ."

"ಇಲ್ಲದ ದಾರಿಗೆ ಬಣ್ಣ ಕೊಡೋದು ಹೇಗೆ?"

"ಸರಿ, ಹಳೇ ದಾರಿ ಅಂತಲೇ ಬರ್ಕೊಂಡು ಕೊಡಪ್ಪ."

"ಅದು ನೀರಲ್ಲಿದೆ ಅಂತ ನೀವೇ ಈಗ ಹೇಳಿದ್ರಲ್ಲ!"

ಇನ್ನೂ ಒಂದು ತೊಡಕಿತ್ತು. ಬಳಸಿಕೊಂಡು ಹೋಗಬೇಕಾದ ಮೇಲಿನ ಜಾಗ ಇಲಾಖೆಯದೇ ಆಗಿದ್ದರೂ, ಏಳು ವರ್ಷದ ಹಿಂದೆ ಪಕ್ಕದ ಅತಿಥಿಗೃಹದ ಯಜಮಾನರು ಅದಕ್ಕೆ ಗೋಡೆ ಕಟ್ಟಿಸಿ, ಒಳಗೆ ಹುಲ್ಲುಹಾಸು ಬೆಳೆಸಿ, ಬಿಳಿ ಮೇಜು ಕುರ್ಚಿ ಹಾಕಿಸಿದ್ದರು. ದಾರಿಯಕ್ಕ ವರ್ಷಕ್ಕೊಂದರಂತೆ ಏಳು ದೂರು ಕೊಟ್ಟಿದ್ದಳು. ಇಲಾಖೆಯ ವ್ಯಾಪ್ತಿಗೆ ದಾರಿ ಬರುತ್ತದೆಯೇ ಹೊರತು ಗೋಡೆ ಬರುವುದಿಲ್ಲ ಎಂದು ಏಳು ಉತ್ತರ ಬಂದಿದ್ದವು.

ಅದೇ ವಾರ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ತಮ್ಮ ತಂಗಿಯ ಜೊತೆ ಚಾರಣಕ್ಕೆ ಬಂದರು. ಹಳೆಯ ಬಾಣಗಳನ್ನು ಚಾಚೂ ತಪ್ಪದೆ ಅನುಸರಿಸಿ, ನೀರು ಇಳಿದಿದ್ದಾಗ ಕುಸಿದ ಜಾಗಕ್ಕೆ ಇಳಿದು, ಮಧ್ಯದ ಬಂಡೆಯ ಮೇಲೆ ಬುತ್ತಿ ಬಿಚ್ಚಿದರು. ಊಟ ಮುಗಿಯುವಷ್ಟರಲ್ಲಿ ಉಬ್ಬರ ಬಂದು ಸುತ್ತಲೂ ನೀರಾಯಿತು. ದಾರಿಯಕ್ಕ ಸೊಂಟಮಟ್ಟದ ನೀರಿನಲ್ಲಿ ಹೋಗಿ ಇಬ್ಬರನ್ನೂ ಒಬ್ಬೊಬ್ಬರಾಗಿ ಕೈಹಿಡಿದು ದಾಟಿಸಿದಳು. ತಂಗಿಯ ಒಂದು ಬೂಟು ಹೋಯಿತು, ಮಿಕ್ಕಿದ್ದೆಲ್ಲ ಉಳಿಯಿತು. ಅವರು ದಾಟುತ್ತಿದ್ದಾಗ ಕಾಲಡಿ ಕಂಡಿದ್ದು ದಾರಿಯಕ್ಕನೇ ಬರೆದ ಬಾಣ.

ಮುಖ್ಯೋಪಾಧ್ಯಾಯಿನಿ ಇಲಾಖೆಗೆ ಒಂದು ಪತ್ರ ಬರೆದರು: "ದೃಶ್ಯ ಸುಂದರವಾಗಿದೆ. ದಾರಿ ಎಲ್ಲಿದೆ?"

ಪ್ರಶ್ನಾರ್ಥಕ ಚಿಹ್ನೆ ಇರುವ ಪತ್ರಕ್ಕೆ ಹದಿನೈದು ದಿನದಲ್ಲಿ ಉತ್ತರ ಕೊಡಲೇಬೇಕೆಂಬ ನಿಯಮ ಇದ್ದುದರಿಂದ ವಿಷಯ ಅಧೀಕ್ಷಕರ ಮೇಜಿಗೆ ಹೋಯಿತು. ಅವರು ನಿಯಮಾವಳಿಯನ್ನು ಮೂರು ದಿನ ಓದಿದರು. ನಾಲ್ಕನೆಯ ದಿನ ದಾರಿಯಕ್ಕನನ್ನು ಕರೆಸಿದರು.

"ಇಲಾಖೆಯ ಜಾಗವನ್ನು ಯಾರೇ ಆಗಲಿ ಆಕ್ರಮಿಸಿದರೆ ನೋಟಿಸು ನೀಡತಕ್ಕದ್ದು ಅಂತಿದೆ. ಯಾರೇ ಆಗಲಿ! ಮನುಷ್ಯರೇ ಆಗಬೇಕು ಅಂತ ಎಲ್ಲೂ ಇಲ್ಲ, ನೋಡಮ್ಮ."

"ಅಂದ್ರೆ ಸಾರ್?"

"ಸಮುದ್ರಕ್ಕೆ ನೋಟಿಸು. ನೀನೇ ಹೋಗಿ ಜಾರಿ ಮಾಡು. ನಿಂಗೇ ಅದರ ಪರಿಚಯ ಜಾಸ್ತಿ."

"ಒಂದು ಡಬ್ಬಿ ಬಣ್ಣ ಕೊಟ್ಟಿದ್ರೆ ಸಾಕಾಗ್ತಿತ್ತು ಸಾರ್."

"ಬಣ್ಣ ಶಾಶ್ವತ ಪರಿಹಾರ ಅಲ್ಲ," ಎಂದರು ಅಧೀಕ್ಷಕರು.

ನೋಟಿಸಿನ ಒಕ್ಕಣೆ ಹೀಗಿತ್ತು: "ದಂಡೆಯ ಪಶ್ಚಿಮಕ್ಕೆ ಕಾಯಂ ವಾಸವಿರುವ ಸಮುದ್ರಕ್ಕೆ ತಿಳಿಯಪಡಿಸುವುದೇನೆಂದರೆ, ತಾವು ಇಲಾಖೆಗೆ ಸೇರಿದ ಇನ್ನೂರು ಮೀಟರ್ ಕಾಲುದಾರಿಯನ್ನು ಯಾವುದೇ ಪೂರ್ವಾನುಮತಿ ಪಡೆಯದೆ ಒತ್ತುವರಿ ಮಾಡಿಕೊಂಡಿರುವುದು ಕಂಡುಬಂದಿದೆ. ಈ ನೋಟಿಸು ತಲುಪಿದ ಏಳು ದಿನಗಳೊಳಗೆ ಖುದ್ದಾಗಿ ಕಚೇರಿಗೆ ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು."

ದಾರಿಯಕ್ಕ ಬಂಡೆಯ ಮೇಲೆ ನಿಂತು ಅದನ್ನು ಗಟ್ಟಿಯಾಗಿ ಓದಿದಳು. ಓದು ಮುಗಿಯುವ ಮೊದಲೇ ಒಂದು ಅಲೆ ಬಂದು ಕಾಗದವನ್ನು ಕೈಯಿಂದ ಕಿತ್ತುಕೊಂಡಿತು. ಅವಳು ನಕಲು ಪ್ರತಿಯ ಮೇಲೆ, "ಸ್ವೀಕರಿಸಿದ್ದಾರೆ, ಸಹಿ ಹಾಕಿಲ್ಲ" ಎಂದು ಬರೆದಳು. ಮರುದಿನ ನೋಟಿಸು ಮರಳಿನ ಮೇಲೆ ಬಿದ್ದಿತ್ತು.

"ವಾಪಸ್ ಬಂದಿದೆ. ಉತ್ತರ ಏನಾದ್ರೂ ಇದೆಯಾ?" ಎಂದು ಗುಮಾಸ್ತ ಕೇಳಿದ.

"ಒದ್ದೆಯಾಗಿದೆ."

"ಒದ್ದೆ," ಎಂದು ಅವನು ದಾಖಲಿಸಿಕೊಂಡ.

ವಿಚಾರಣೆಯ ದಿನ ಜವಾನ ವರಾಂಡದಲ್ಲಿ ನಿಂತು ಸಮುದ್ರದ ಹೆಸರನ್ನು ಮೂರು ಸಲ ಕೂಗಿದ. ದೂರದಿಂದ ಸದ್ದೇನೋ ಕೇಳಿಸುತ್ತಿದೆ ಎಂದು ಗುಮಾಸ್ತ ಗಮನಕ್ಕೆ ತಂದ. ಸದ್ದು ಮಾಡುವುದು ಹಾಜರಾತಿಯಲ್ಲ ಎಂದು ಅಧೀಕ್ಷಕರು ತೀರ್ಪಿತ್ತು, ಕೂಡಲೇ ಜಾಗ ಖಾಲಿ ಮಾಡುವಂತೆ ಏಕಪಕ್ಷೀಯ ಆದೇಶ ಬರೆದರು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಆದೇಶ ಜಾರಿಗೊಳಿಸಲು ಎಲ್ಲರೂ ದಂಡೆಗೆ ಬಂದರು. ಅದು ಇಳಿತದ ಹೊತ್ತು. ಇನ್ನೂರು ಮೀಟರ್ ಉದ್ದಕ್ಕೂ ಬಂಡೆಗಳು ಬೋಳಾಗಿ ಬಿಸಿಲು ಕಾಯಿಸುತ್ತಿದ್ದವು. ಒಂದೆರಡು ಏಡಿಗಳನ್ನು ಬಿಟ್ಟರೆ ಒತ್ತುವರಿದಾರರ ಕಡೆಯವರು ಯಾರೂ ಇರಲಿಲ್ಲ.

ಅಧೀಕ್ಷಕರ ಕಣ್ಣು ತುಂಬಿ ಬಂತು. "ಮೂವತ್ತು ವರ್ಷ ಸರ್ವಿಸ್ ಮಾಡಿದೀನಮ್ಮ. ಆದೇಶ ಬರೆದ ಮರುದಿನಾನೇ ಜಾಗ ಬಿಟ್ಟವರನ್ನ ಒಬ್ಬರನ್ನೂ ನೋಡಿರಲಿಲ್ಲ."

"ಸಂಜೆಗೆ ಮತ್ತೆ ಬರುತ್ತೆ ಸಾರ್," ಎಂದಳು ದಾರಿಯಕ್ಕ.

ಬಂತು. ಮತ್ತೆ ಹೋಯಿತು. ಹೀಗೆ ದಿನಕ್ಕೆ ಎರಡು ಸಲ ಒತ್ತುವರಿ, ಎರಡು ಸಲ ತೆರವು ಆಗತೊಡಗಿದ್ದರಿಂದ ಕಡತವನ್ನೂ ದಿನಕ್ಕೆ ಎರಡು ಸಲ ತೆರೆದು ಎರಡು ಸಲ ಮುಚ್ಚಬೇಕಾಯಿತು. ಇದಕ್ಕಾಗಿ 'ಸಾಗರ ಒತ್ತುವರಿ ತೆರವು ಘಟಕ' ಸ್ಥಾಪನೆಯಾಯಿತು. ತೆರೆಯಲು ಒಬ್ಬ ಸಹಾಯಕ, ಮುಚ್ಚಲು ಇನ್ನೊಬ್ಬ. ಅಧೀಕ್ಷಕರ ಓಡಾಟಕ್ಕೆ ಒಂದು ಕಾರು. ಸಮುದ್ರದ ಮೇಲೆ ನಿಗಾ ಇಡಲು ಒಂದು ದುರ್ಬೀನು. ದುರ್ಬೀನಿಗೆ ಕಚೇರಿಯಲ್ಲಿ ಭದ್ರತೆ ಸಾಲದೆಂದು ಅದನ್ನು ಅಧೀಕ್ಷಕರ ಮನೆಯ ಮಹಡಿಯಲ್ಲಿ ಇಡಲಾಯಿತು. ಸಮುದ್ರ ಪ್ರತಿದಿನ ಐವತ್ತು ನಿಮಿಷ ತಡಮಾಡುತ್ತದೆ ಎಂಬ ಆಕ್ಷೇಪಣೆ ಬಂದಾಗ, ಸಿಬ್ಬಂದಿಗೆ ಹೋಲಿಸಿದರೆ ಇದು ತೃಪ್ತಿಕರ ಎಂದು ಷರಾ ಬರೆದು, ಸಮುದ್ರವನ್ನು 'ಆದರ್ಶ ಒತ್ತುವರಿದಾರ' ಎಂದು ವರ್ಗೀಕರಿಸಲಾಯಿತು. ಬಣ್ಣದ ಡಬ್ಬಿ ಮಾತ್ರ ಬರಲಿಲ್ಲ. ದಾರಿಯಕ್ಕ ಉಬ್ಬರದ ಹೊತ್ತಿನಲ್ಲಿ ಬಂಡೆಯ ತುದಿಯಲ್ಲಿ ತಾನೇ ಬಾಣವಾಗಿ ಕೈಚಾಚಿ ನಿಂತು ಚಾರಣಿಗರನ್ನು ತಡೆಯುತ್ತಿದ್ದಳು.

ಹಾಗೆ ನಿಂತಿದ್ದಾಗ ಒಂದು ದಿನ ಅತಿಥಿಗೃಹದ ಯಜಮಾನರು ಗೋಡೆಯ ಮೇಲಿಂದ ಇಣುಕಿದರು.

"ಏನು ದಾರಿಯಕ್ಕ, ಸಮುದ್ರದ ಮೇಲೇ ಕೇಸ್ ಹಾಕಿದ್ದಾರಂತೆ. ಮುಂದೆ ಯಾರ ಸರದಿ?"

"ಪಕ್ಕದ ಮನೆಯವರದ್ದೇ ಇರಬೇಕು ಯಜಮಾನ್ರೇ," ಎಂದಳು ಅವಳು ಕೈ ಇಳಿಸದೆ.

ಯಜಮಾನರ ಮುಖ ಸುಣ್ಣ ಬಳಿದ ಹಾಗಾಯಿತು. "ಸಮುದ್ರಕ್ಕೆ ಏನು ಶಿಕ್ಷೆ ಕೊಟ್ರು?"

"ಏನೂ ಇಲ್ಲ, ಹೊಗಳಿದಾರೆ. ದಿನಕ್ಕೆ ಎರಡು ಸಲ ಜಾಗ ಬಿಡುತ್ತಲ್ಲ! ನೀವೂ ಹಾಗೇ ಮಾಡಿ. ಅದು ಬಂದಾಗ ನೀವು ಬಿಡಿ, ಅದು ಹೋದಾಗ ನೀವು ಇಟ್ಕೊಳ್ಳಿ. ಜನ ನಿಮ್ಮ ಹುಲ್ಲಿನ ಮೇಲೇ ದಾಟ್ಕೊಂಡು ಹೋಗ್ತಾರೆ. ಏಳು ಕಿಲೋಮೀಟರ್ ಬಿಸಿಲಲ್ಲಿ ನಡೆದು ಬಂದಿರ್ತಾರೆ, ಪಾಪ, ಗಂಟಲು ಒಣಗಿರುತ್ತೆ."

ಗಂಟಲು ಎಂಬ ಮಾತು ಬಂದಾಗ ಯಜಮಾನರು ತಮ್ಮ ಖಾಲಿ ಕುರ್ಚಿಗಳ ಕಡೆಗೊಮ್ಮೆ ನೋಡಿದರು. ಮಾರನೆಯ ದಿನವೇ ಅರ್ಜಿ ಹಿಡಿದು ಕಚೇರಿಗೆ ಹೋದರು.

ಅಲ್ಲಿ ತೊಂದರೆ ಶುರುವಾಯಿತು. ಒತ್ತುವರಿದಾರರಿಗೆ ಸಿಗುವ ಸೌಲಭ್ಯ ಪಡೆಯಬೇಕಾದರೆ ಮೊದಲು ಒತ್ತುವರಿದಾರರಾಗಿರಬೇಕು. ಯಜಮಾನರ ಹೆಸರಿನಲ್ಲಿ ಅಂಥ ಕಡತವೇ ಇರಲಿಲ್ಲ.

"ನಾನೇ ಸಾರ್ ಗೋಡೆ ಕಟ್ಟಿಸಿದ್ದು, ದೇವರಾಣೆಗೂ!" ಎಂದರು ಯಜಮಾನರು.

"ಎಲ್ಲರೂ ಹಾಗೇ ಹೇಳ್ತಾರೆ," ಎಂದರು ಅಧೀಕ್ಷಕರು. "ಪುರಾವೆ ಬೇಕು."

ಯಜಮಾನರು ಗೋಡೆಯ ಫೋಟೋ ತಂದರು. ಗೋಡೆ ತಾನಾಗಿಯೇ ಬಂದಿರಬಹುದಲ್ಲವೇ ಎಂದು ಗುಮಾಸ್ತ ಸಂಶಯ ವ್ಯಕ್ತಪಡಿಸಿದ. ಗೋಡೆ ಕಟ್ಟಿದ ಮೇಸ್ತ್ರಿಯನ್ನೇ ಕರೆತಂದರು. ಅವನು ತಾನು ಕಟ್ಟಿದ ಗೋಡೆ ಇದಕ್ಕಿಂತ ಚೆನ್ನಾಗಿತ್ತು ಎಂದುಬಿಟ್ಟ. ಅರ್ಜಿ ತಿರಸ್ಕೃತವಾಗುವ ಹಂತಕ್ಕೆ ಬಂದಾಗ ದಾರಿಯಕ್ಕ ಚೀಲದಿಂದ ತನ್ನ ಏಳು ದೂರುಗಳ ನಕಲು ತೆಗೆದು ಮೇಜಿನ ಮೇಲಿಟ್ಟಳು.

ಅಧೀಕ್ಷಕರು ಒಂದೊಂದಾಗಿ ಓದಿದರು. "ಏಳು ವರ್ಷದಿಂದ ಸತತವಾಗಿ ಒತ್ತುವರಿ ಮಾಡಿದ್ದೀರಿ," ಎಂದು ಯಜಮಾನರ ಕೈ ಕುಲುಕಿದರು. "ಮೊದಲೇ ಹೇಳಬಾರದಿತ್ತೇ?" ಯಜಮಾನರು ದಾರಿಯಕ್ಕನಿಗೆ ಕೈಮುಗಿದರು. ಇಂಥ ಉಪಕಾರ ತಮಗೆ ಯಾರೂ ಮಾಡಿರಲಿಲ್ಲ ಎಂದರು.

ಅಂತಿಮ ಆದೇಶ ಆ ವಾರವೇ ಹೊರಬಿತ್ತು. ಅದರಂತೆ ಸಮುದ್ರ ಜಾಗ ಬಿಟ್ಟಾಗ ಕಾಲುದಾರಿ ಬಂಡೆಗಳ ಮೇಲೆ ಇರತಕ್ಕದ್ದು, ಸಮುದ್ರ ಜಾಗ ಹಿಡಿದಾಗ ಹುಲ್ಲುಹಾಸಿನ ಮೇಲೆ ಇರತಕ್ಕದ್ದು. ಇಬ್ಬರು ಒತ್ತುವರಿದಾರರೂ ಏಕಕಾಲಕ್ಕೆ ಒತ್ತುವರಿ ಮಾಡತಕ್ಕದ್ದಲ್ಲ. ಹುಲ್ಲುಹಾಸಿನ ದಾರಿ ಅಳತೆಯಲ್ಲಿ ಮೂವತ್ತು ಮೀಟರ್ ಹೆಚ್ಚು ಬಂದದ್ದನ್ನು ಚಾರಣಿಗರು ಸ್ವಲ್ಪ ದೊಡ್ಡ ಹೆಜ್ಜೆ ಹಾಕಿ ಸರಿದೂಗಿಸತಕ್ಕದ್ದು. ಒಟ್ಟು ಉದ್ದ ಹದಿನಾಲ್ಕು ಕಿಲೋಮೀಟರಿನಲ್ಲಿ ಒಂದು ಬೆರಳಷ್ಟೂ ವ್ಯತ್ಯಾಸವಾಗಿಲ್ಲವೆಂದು ಪ್ರಮಾಣೀಕರಿಸಲಾಯಿತು. ದಾರಿ ಎರಡಾದ ಕಾರಣ ಬಣ್ಣದ ಡಬ್ಬಿಯೂ ಎರಡು ಮಂಜೂರಾದವು.

ದಾರಿಯಕ್ಕ ಆ ದಿನ ಮಧ್ಯಾಹ್ನ ಗೋಡೆಗೆ ಹೊಸದಾಗಿ ಇಟ್ಟ ಗೇಟಿನ ಪಕ್ಕ ಮಂಡಿಯೂರಿ ದಪ್ಪನೆಯ ಬಾಣವೊಂದನ್ನು ಬರೆದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ವರ್ಷಗಳ ಮೇಲೆ ಕಾಲಡಿಯ ನೆಲ ಗಟ್ಟಿಯಾದ ಹಾಗನ್ನಿಸಿತು.

ಈಗ ಉಬ್ಬರ ಏರುತ್ತಿದ್ದಂತೆ ಅತಿಥಿಗೃಹದ ಕಾವಲುಗಾರ ಸೀಟಿ ಊದಿ, "ಯಜಮಾನರು ಜಾಗ ಬಿಟ್ಟಿದ್ದಾರೆ!" ಎಂದು ಕೂಗಿ ಗೇಟು ತೆರೆಯುತ್ತಾನೆ. ಚಾರಣಿಗರು ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ಹುಲ್ಲು ದಾಟುತ್ತಾರೆ. ಅರ್ಧಕ್ಕರ್ಧ ಜನ ಬಿಳಿ ಕುರ್ಚಿಯಲ್ಲಿ ಕೂತು ಶರಬತ್ತು ಕುಡಿದೇ ಮುಂದೆ ಹೋಗುತ್ತಾರೆ.

ಮೊನ್ನೆ ಹೊಸಬರೊಬ್ಬರು ಲೋಟ ಹಿಡಿದುಕೊಂಡೇ ದಾರಿಯಕ್ಕನನ್ನು ಕೇಳಿದರು. "ಅಲ್ಲಮ್ಮ, ಒಂದು ದಿನ ಸಮುದ್ರ ಬಂದಿದ್ದು ಹಿಂದೆ ಹೋಗಲೇ ಇಲ್ಲ ಅಂತಿಟ್ಕೊಳ್ಳಿ. ಆಗೇನು ಮಾಡ್ತೀರಿ?"

"ಹಾಗೆಲ್ಲ ಮಾಡೋಕಾಗಲ್ಲ," ಎಂದಳು ದಾರಿಯಕ್ಕ, ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತ. "ಅದು ಮೊದಲು ಮೇಲ್ಮನವಿ ಸಲ್ಲಿಸಬೇಕು. ತೊಂಬತ್ತು ದಿನ ಟೈಮ್ ಕೊಟ್ಟಿದಾರೆ."

ಕೇಳಿದವರು ಸಮಾಧಾನದಿಂದ ತಲೆಯಾಡಿಸಿ ಇನ್ನೊಂದು ಲೋಟ ಹೇಳಿದರು.