ಕೊಡೆಗೆ ಹಚ್ಚಿದ ನೀಲಿ

ಪುಸ್ತಕದ ಧೂಳನ್ನು ಒಣಬಟ್ಟೆಯಲ್ಲಿ ಒರೆಸು ಎಂದು ಸಾಹೇಬರು ಹೇಳಿದ್ದು ನಿಜ. ಆದರೆ ಒರೆಸುವುದು ಅಂದಮೇಲೆ ಬಟ್ಟೆ ಒದ್ದೆಯಾಗಿರಬೇಡವೇ ಎಂದು ಪುಕ್ಕಲಣ್ಣನಿಗೆ ಅನ್ನಿಸಿತು ನೋಡಿ, ಅಲ್ಲಿಂದ ಶುರುವಾಯಿತು ಗ್ರಹಚಾರ.

ಅವನು ಗ್ರಂಥಾಲಯದ ಹಂಗಾಮಿ ಅಟೆಂಡರ್. ತನ್ನ ನೆರಳಿಗೂ ದಾರಿ ಬಿಟ್ಟು ನಡೆಯುವ ಆಸಾಮಿ, ಅದಕ್ಕೇ ಆ ಹೆಸರು. ಕೆಲಸ ಖಾಯಂ ಮಾಡುವುದೋ ಬೇಡವೋ ಎಂದು ಸಾಹೇಬರು ಅಂದು ಸಂಜೆ ತೀರ್ಮಾನಿಸಬೇಕಿತ್ತು. ಹೆಂಡತಿಯಂತೂ ಆಗಿಯೇ ಹೋಯಿತೆಂದು ಬೀದಿಗೆಲ್ಲ ಸುದ್ದಿ ಹಂಚಿದ್ದಳು.

ಮಧ್ಯಾಹ್ನ ತಜ್ಞರೊಬ್ಬರು ನೋಡಲು ಬರುತ್ತಿದ್ದದ್ದು ಇನ್ನೂರು ವರ್ಷ ಹಳೆಯ ಚಿತ್ರಪುಸ್ತಕವನ್ನು. ಪುಟಪುಟದಲ್ಲೂ ಊರಿನ ದಿನನಿತ್ಯದ ಬದುಕು: ನೀರು ಹೊರುವವಳು, ಚಾಕು ಸಾಣೆ ಹಿಡಿಯುವವನು, ಗಾಡಿಯ ಕೆಳಗೆ ಮಲಗಿದ ನಾಯಿ. ಗೆರೆಗಳನ್ನಷ್ಟೇ ಅಚ್ಚು ಹಾಕಿ, ಬಣ್ಣವನ್ನು ಕೈಯಿಂದಲೇ ಹಚ್ಚಿದ್ದರು. ಕೊಡೆ ರಿಪೇರಿಯವನ ಪುಟದ ಮೇಲೆ ಒದ್ದೆ ಬಟ್ಟೆ ಆಡಿದ್ದೇ ತಡ, ಕೊಡೆಯ ಬಣ್ಣವೆಲ್ಲ ಎದ್ದು ಬಂತು. ಬಟ್ಟೆ ಮೊದಲೇ ಎಷ್ಟು ಕೊಳಕಾಗಿತ್ತೆಂದರೆ ಬಂದದ್ದು ಯಾವ ಬಣ್ಣ ಎಂದೂ ತಿಳಿಯಲಿಲ್ಲ.

ಟೈಪಿಸ್ಟ್ ಅಕ್ಕ ಓಡಿಬಂದು ಕೊಡೆ ಕೆಂಪಗಿತ್ತು ಎಂದಳು. ವಾಚ್‌ಮನ್ ತಾತ ಹಸಿರು ಎಂದು ಆಣೆ ಹಾಕಿದ. ಆ ಪುಸ್ತಕವನ್ನು ಅವನು ಜನ್ಮದಲ್ಲಿ ತೆರೆದವನಲ್ಲ. ಕೊನೆಗೆ ಅಕ್ಕ ಪಕ್ಕದ ಬೀದಿಯ ತನ್ನ ಮನೆಯಿಂದ ಮಗಳ ಬಣ್ಣದ ಡಬ್ಬಿ ತಂದಳು. ಅದರಲ್ಲಿ ಉಳಿದಿದ್ದು ನೀಲಿಯೊಂದೇ, ಹಾಗಾಗಿ ಜಗಳ ತೀರಿತು. ಪುಕ್ಕಲಣ್ಣ ಗಡಗಡ ನಡುಗುವ ಕೈಯಲ್ಲಿ ಕೊಡೆಗೆ ನೀಲಿ ಬಳಿದ. ಪಾಪ, ಅವನ ಹಣೆಯ ಬೆವರು ಪುಟಕ್ಕೆ ಬೀಳದಂತೆ ತಾತ ಟವೆಲ್ ಹಿಡಿದು ನಿಂತಿದ್ದ.

ತಜ್ಞರು ಬಂದರು. ಸರಸರ ಪುಟ ತಿರುವಿದರು. ಕೊಡೆಯ ಹತ್ತಿರ ಬಂದವರು ಭೂತಗನ್ನಡಿ ತೆಗೆದರು. ಬಾಗಿಲ ಬಳಿ ನಿಂತ ಮೂವರೂ ಕತ್ತು ಚಾಚಿ ಇಣುಕಿದರು.

"ಉಳಿದದ್ದೆಲ್ಲ ಕೂಲಿಗೆ ಹಚ್ಚಿದ ಬಣ್ಣ ಸಾರ್," ಎಂದರು ತಜ್ಞರು ಸಾಹೇಬರಿಗೆ. "ಇದೊಂದರಲ್ಲಿ ಮಾತ್ರ ಕಲಾವಿದ ಇದ್ದಾನೆ. ಈ ಕೈ ನಡುಕ ನೋಡಿ, ಎಂಥ ಭಾವ!"

ಪುಕ್ಕಲಣ್ಣ ಬಚಾವಾದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಹುಟ್ಟಿದಾಗಿನಿಂದ ಅವನ ಕೈಕೆಲಸವನ್ನು ಯಾರೂ ಹೊಗಳಿರಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ ಬಂತು.

"ಅದು ನಾನು ಹಚ್ಚಿದ್ದು ಸಾರ್," ಎಂದುಬಿಟ್ಟ.

ಅಕ್ಕ ತಾತನಿಗೆ ಮೊಣಕೈಯಿಂದ ತಿವಿದಳು. ಹೇಗಾದರೂ ಅವನನ್ನು ಉಳಿಸಬೇಕೆಂದು ಇಬ್ಬರೂ ಒಟ್ಟಿಗೆ ಮುಂದೆ ಬಂದರು. ಇವನು ಪುಸ್ತಕ ಮುಟ್ಟೇ ಇಲ್ಲ, ಬೆಳಗಿನಿಂದ ಏನೂ ತಿಂದಿಲ್ಲ, ತಲೆ ತಿರುಗಿ ಏನೇನೋ ಮಾತಾಡುತ್ತಿದ್ದಾನೆ ಎಂದು ಸಾಧಿಸಿದರು. ತಜ್ಞರು ನಕ್ಕರು. ಸಾಹೇಬರು ನಗಲಿಲ್ಲ.

ಸಂಜೆ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು.

"ತಪ್ಪು ಮಾಡಿ ಒಪ್ಕೊಂಡಿದ್ರೆ ಹೊಟ್ಟೆಗೆ ಹಾಕ್ಕೊಂಡು ಖಾಯಂ ಮಾಡ್ತಿದ್ದೆ ಕಣಯ್ಯ. ಆದ್ರೆ ಎಂದೋ ಸತ್ತುಹೋದವನ ಕೆಲಸಾನ ನಂದು ಅಂತೀಯಲ್ಲ, ಇಂಥ ಸುಳ್ಳುಗಾರನ್ನ ಹೇಗಯ್ಯ ಇಟ್ಕೊಳ್ಳಲಿ?"