ನಾನು ಕಟ್ಟಿದ ಸಿದ್ಧಾಂತವೂ ಗುರುಬಸಪ್ಪನವರ ಪ್ರೆಶರೂ

ನರ್ಸಿಂಗ್ ಲೋಕಕ್ಕೆ ಒಂದು ಹೊಸ ಸಿದ್ಧಾಂತ ಬೇಕಾಗಿದೆ, ಅದನ್ನು ಕೊಡಬೇಕಾದವಳು ನಾನೇ ಎಂಬುದು ನನಗೆ ಖಾತ್ರಿಯಾದದ್ದು ಪುಣೆಯ ನಮ್ಮ ಅಡುಗೆಮನೆಯಲ್ಲಿ, ಬದನೆಕಾಯಿ ಹೆಚ್ಚುವಾಗ. ಇಂಥ ಮಹತ್ವದ ಸಂಗತಿಗಳು ಎಲ್ಲಿ ಬೇಕಾದರೂ ಹುಟ್ಟಬಹುದು. ಹುಟ್ಟಿದಲ್ಲೇ ಅದನ್ನು ಬಿಟ್ಟಿದ್ದರೆ ಶಿರೂರಿನ ಗುರುಬಸಪ್ಪನವರಿಗೆ ಎಷ್ಟೋ ಉಪಕಾರವಾಗುತ್ತಿತ್ತು!

ಎರಡು ಸಾವಿರದ ಇಸವಿ ದಾಟಿದ ಹೊಸತು. ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದು, ಒಂದು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಸಿಸ್ಟರ್ ಆಗಿ ದುಡಿದು, ಮಕ್ಕಳು ಕಾಲೇಜು ಸೇರಿದ ಮೇಲೆ ನನಗೆ ಎಂ.ಎಸ್ಸಿ. ನರ್ಸಿಂಗ್ ಓದುವ ಹುಮ್ಮಸ್ಸು ಬಂದಿತ್ತು. ತರಗತಿಯ ಹುಡುಗಿಯರು ನನ್ನನ್ನು ಮರಾಠಿಯಲ್ಲಿ 'ಕಾಕು', ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಅದನ್ನು ನಾನು ಪಾಂಡಿತ್ಯಕ್ಕೆ ಸಲ್ಲುವ ಗೌರವ ಎಂದೇ ತಿಳಿದಿದ್ದೆ.

ನಮ್ಮ ದೇಶಮುಖ ಮೇಡಂ ಒಂದು ದಿನ ಘೋಷಿಸಿದರು: ಪ್ರತಿಯೊಬ್ಬರೂ ಒಂದು ಮಧ್ಯಮ ವ್ಯಾಪ್ತಿಯ ಸಿದ್ಧಾಂತವನ್ನು ಕಟ್ಟಿ, ವಾರ್ಡಿನಲ್ಲಿ ಪ್ರಯೋಗಿಸಿ ತೋರಿಸಬೇಕು. ಮನುಷ್ಯ, ಆರೋಗ್ಯ, ಜಗತ್ತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸುವ ದೊಡ್ಡ ಸಿದ್ಧಾಂತ ಬೇಡ. ಒಬ್ಬ ರೋಗಿಯ ಒಂದು ಬ್ಯಾಂಡೇಜಿನ ವಿಷಯವೂ ಬೇಡ. ಎರಡರ ನಡುವಿನದು ಬೇಕು. ನೋವು, ಭಯ, ನಿದ್ದೆ, ಇಂಥ ಒಂದನ್ನು ಹಿಡಿದು, ಅದು ಯಾತರಿಂದ ಏರುತ್ತದೆ, ಯಾತರಿಂದ ಇಳಿಯುತ್ತದೆ ಎಂದು ಹೇಳುವಂಥದ್ದು.

ಸಂಜೆ ಇದನ್ನೆಲ್ಲ ನಮ್ಮ ಯಜಮಾನರಿಗೆ ವಿವರಿಸಿದೆ. ಅವರು ವಿಮಾ ಕಚೇರಿಯಲ್ಲಿ ಗುಮಾಸ್ತರು.

"ಅಂದ್ರ ಭಾಳ ದೊಡ್ಡದೂ ಅಲ್ಲ, ಭಾಳ ಸಣ್ಣದೂ ಅಲ್ಲ. ನನ್ನ ಪಗಾರ ಇದ್ದಂಗ!" ಎಂದರು.

ನಾನು ಬದನೆಕಾಯಿ ಹೆಚ್ಚತೊಡಗಿದೆ. ಆಗಲೇ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಮರಾಠಿಯ ಒಂದಕ್ಷರ ಬಾರದೆ ಮಂಡಿಯ ತರಕಾರಿ ಸಾಲಿನಲ್ಲಿ ಪೆಚ್ಚಾಗಿ ನಿಂತಿದ್ದಾಗ ಹಿಂದಿನಿಂದ ಯಾರೋ ಹೆಂಗಸು, "ಬದನಿಕಾಯಿ ಎಳೀವು ಅದಾವೇನ ನೋಡ" ಎಂದು ಮಗಳಿಗೆ ಹೇಳಿದ್ದು ಕೇಳಿಸಿತ್ತು. ಅಷ್ಟಕ್ಕೇ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಅಲ್ಲೇ ನಿಂತು ಅತ್ತುಬಿಟ್ಟಿದ್ದೆ.

ಚಾಕು ಕೆಳಗಿಟ್ಟೆ. ಸಿದ್ಧಾಂತ ಹುಟ್ಟಿತು! ರೋಗಿಯ ಸುತ್ತ ಪರಿಚಿತ ಮಾತು, ಪರಿಚಿತ ವಸ್ತು, ಪರಿಚಿತ ಮುಖಗಳು ಹೆಚ್ಚಿದಷ್ಟೂ ಅವನ ಆತಂಕ ಇಳಿಯುತ್ತದೆ. 'ಪರಿಚಿತತೆಯ ಸಿದ್ಧಾಂತ' ಎಂದು ಅದಕ್ಕೆ ನಾನೇ ನಾಮಕರಣ ಮಾಡಿದೆ.

ಮೇಡಂ ಓದಿ, "ಚೆನ್ನಾಗಿದೆ. ಆದರೆ ಇದು ಎಲ್ಲರಿಗೂ ಅನ್ವಯಿಸುತ್ತದೆಯೇ ನೋಡಿ" ಎಂದರು. ಮೊದಲಿನ ಮಾತು ನನ್ನ ಕಿವಿಗೆ ಬಿತ್ತು. ಎರಡನೆಯದು ಬೀಳಲಿಲ್ಲ.

ಪ್ರಯೋಗಕ್ಕೆ ರೋಗಿ ಬೇಕಲ್ಲ? ದೇವರೇ ಕಳಿಸಿದಂತೆ ಸರ್ಜಿಕಲ್ ವಾರ್ಡಿಗೆ ಗುರುಬಸಪ್ಪನವರು ಬಂದರು. ಪುಣೆ ಹತ್ತಿರದ ಶಿರೂರಿನಲ್ಲಿ ಬಟ್ಟೆ ಅಂಗಡಿ, ಮೂಲ ಬೆಳಗಾವಿ ಕಡೆ, ಹರ್ನಿಯಾ ಆಪರೇಶನ್. ಕಿಟಕಿ ಪಕ್ಕದ ಮಂಚದ ಮೇಲೆ ಅಂಗಾತ ಮಲಗಿ, ಯಾರೊಂದಿಗೂ ಮಾತಾಡದೆ ಫ್ಯಾನನ್ನೇ ನೋಡುತ್ತಿದ್ದರು. ಪ್ರೆಶರ್ ನೋಡಿದೆ. ಇರಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು. ಆಹಾ, ಆತಂಕ! ಪಾಪ, ಪರಭಾಷೆಯ ವಾರ್ಡಿನಲ್ಲಿ ಒಂಟಿ ಜೀವ ಎಂದು ನನ್ನ ಕರುಳು ಚುರ್ ಎಂದಿತು. ಒಳಗೊಳಗೇ ಖುಷಿಯೂ ಆಯಿತು.

ಮೊದಲನೆಯ ಮದ್ದು ಮಾತೃಭಾಷೆ. "ಕಾಕಾರ, ನೀವು ಮೂಲ ಯಾವ ಊರಿನವ್ರ್ರಿ?" ಎಂದೆ.

ಅವರು ಫ್ಯಾನಿನಿಂದ ಕಣ್ಣು ತೆಗೆದರು. "ಬೈಲಹೊಂಗಲರಿ."

"ಅಯ್ಯ! ನಮ್ಮ ಸೋದರತ್ತಿನ್ನ ಅಲ್ಲೇ ಕೊಟ್ಟದ್ರಿ. ಪಟ್ಟಣಶೆಟ್ಟರ ಮನಿಗೆ."

"ಯಾವ ಪಟ್ಟಣಶೆಟ್ರು? ಅಡತಿ ಅಂಗಡಿಯವ್ರಾ?"

"ಹೌದ್ರಿ, ಅವರ!" ಎಂದು ನಾನು ಹಿಗ್ಗಿದೆ.

ಗುರುಬಸಪ್ಪನವರು ಧಡಕ್ಕನೆ ಎದ್ದು ಕೂತರು. "ನಮ್ಮ ತಂಗಿ ಲಗ್ನಾ ಮುರದವ್ರ ಅವ್ರು! ನಿಶ್ಚಯ ಆಗಿ, ಸೀರಿ ತಂದ ಮ್ಯಾಲ, ಬ್ಯಾಡ ಅಂದ್ರು!"

ಮತ್ತೆ ಪ್ರೆಶರ್ ನೋಡಿದೆ. ಪಾದರಸ ಏರಿತ್ತು. ಬುದ್ಧಿಯಿದ್ದವರು ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ಸಂಶೋಧಕಿ! ಪರಿಚಿತತೆಯ ಪ್ರಮಾಣ ಸಾಲದಾಗಿದೆ ಎಂಬ ತೀರ್ಮಾನಕ್ಕೆ ಬಂದೆ.

ಶಿರೂರಿನ ಅಂಗಡಿಗೆ ಫೋನು ಮಾಡಿ ಅವರ ಹೆಂಡತಿ ನೀಲವ್ವನನ್ನು ಕರೆದೆ. ಅವರು ಆಪರೇಶನ್ ದಿನ ಬರುವವರಿದ್ದರು. "ಇವತ್ತ ಬರ್ರಿ ಅಕ್ಕಾರ. ಕಾಕಾರು ಭಾಳ ಹೆದರ್ಯಾರ. ಮನಿ ನೆನಪಾಗುವಂಥ ಸಾಮಾನ ಏನರ ಇದ್ರ ತೊಗೊಂಡ ಬರ್ರಿ" ಎಂದೆ.

ನೀಲವ್ವ ಎಸ್.ಟಿ. ಬಸ್ಸು ಹಿಡಿದು ಮಧ್ಯಾಹ್ನದ ಹೊತ್ತಿಗೆ ಬಂದೇಬಿಟ್ಟರು. ಬಗಲಲ್ಲಿ ಕೌದಿ. ಕೈಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಿಡುತ್ತಿದ್ದ ಡಬ್ಬಿ. ಹೆಗಲ ಚೀಲದಲ್ಲಿ ಪಡಸಾಲೆಯ ಗೋಡೆ ಗಡಿಯಾರ!

"ಇದರ ಸಪ್ಪಳ ಕೇಳಲಾರದ ಅವರಿಗೆ ಹೊತ್ತ ಹೋಗಂಗಿಲ್ಲರಿ" ಎಂದರು.

ನಾನು ಕೃತಜ್ಞತೆಯಿಂದ ಅದನ್ನು ಸಲೈನ್ ಸ್ಟ್ಯಾಂಡಿಗೆ ತೂಗುಹಾಕಿದೆ. ಕೌದಿ ಹೊದಿಸಿದೆ. ಮಂಚದ ಪಕ್ಕದಲ್ಲಿ ನೀಲವ್ವನನ್ನು ಕೂರಿಸಿದೆ. ಇನ್ನು ದೂರ ನಿಂತು ಆತಂಕ ಇಳಿಯುವುದನ್ನು ನೋಡುವುದಷ್ಟೇ ಬಾಕಿ.

ನೀಲವ್ವ ಶುರುಮಾಡಿದರು. "ಅಲ್ರೀ, ನೀರಿನ ಟಾಕಿ ಮತ್ತ ಸೋರಾಕತ್ತೈತಿ. ಬಾಜೂ ಮನಿಯವ್ರು ಗ್ವಾಡಿ ತಕರಾರ ತಗದಾರ. ಅಂಗಡ್ಯಾಗ ಇಲಿ ಹೊಕ್ಕು ಇಳಕಲ್ ಸೀರಿ ಕಡದೈತಿ. ನೀವು ಇಲ್ಲಿ ಆರಾಮ ಮಲಗೀರಿ!"

ಗುರುಬಸಪ್ಪನವರ ಮುಖ ಕೆಂಪೇರುತ್ತಿತ್ತು. ರಕ್ತಸಂಚಾರ ಸುಧಾರಿಸುತ್ತಿದೆ ಎಂದುಕೊಂಡೆ.

ಅಷ್ಟರಲ್ಲಿ ಗಡಿಯಾರ ಬಾರಿಸಿತು. ಸಾಮಾನ್ಯ ಬಾರಿಸುವಿಕೆಯಲ್ಲ, ಗುಡಿಯ ಗಂಟೆಯೇ ವಾರ್ಡಿಗೆ ನುಗ್ಗಿದಂತೆ! ಬಸ್ಸಿನಲ್ಲಿ ಕುಲುಕಿ ಅದಕ್ಕೆ ತಲೆ ಕೆಟ್ಟಿರಬೇಕು. ಎಷ್ಟು ಹೊತ್ತಾದರೂ ನಿಲ್ಲಲೇ ಇಲ್ಲ. ಊಟ ಮುಗಿಸಿ ಕಣ್ಣು ಮುಚ್ಚಿದ್ದ ರೋಗಿಗಳೆಲ್ಲ ಎದ್ದು ಕೂತರು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಒಬ್ಬರು ನಕ್ಕು, ನಕ್ಕದ್ದರಿಂದ ನೋವಾಗಿ, "ಆಯೀ ಗಂ!" ಎಂದು ಕೂಗಿದರು. ನಾನು ಗಡಿಯಾರದ ಬಾಯಿ ಮುಚ್ಚಿಸಲು ಸ್ಟ್ಯಾಂಡು ಎಳೆದಾಡುತ್ತಿದ್ದಾಗ ಬಾಗಿಲಲ್ಲಿ ಸರ್ಜನ್ ಸಾಹೇಬರು ಪ್ರತ್ಯಕ್ಷರಾದರು.

"ಹೇ ಕಾಯ್ ಆಹೇ?" ಎಂದರು. ಇದೇನಿದು ಎಂಬ ಆ ಪ್ರಶ್ನೆಗೆ, "ಪರಿಚಿತತೆಯ ಸಿದ್ಧಾಂತ, ಸರ್" ಎಂದು ಉತ್ತರಿಸುವ ಧೈರ್ಯ ನನಗೆ ಬರಲಿಲ್ಲ.

ಅವರೇ ಪ್ರೆಶರ್ ನೋಡಿದರು. ಮತ್ತೊಮ್ಮೆ ನೋಡಿದರು. ಬೆಳಿಗ್ಗೆ ಸ್ವಲ್ಪವೇ ಹೆಚ್ಚಿದ್ದದ್ದು ಈಗ ಹೆದರಿಕೆ ಹುಟ್ಟಿಸುವಷ್ಟಾಗಿತ್ತು. "ಇದು ಇಳಿಯುವವರೆಗೆ ಆಪರೇಶನ್ ಇಲ್ಲ. ನಾಳೆಯ ಪಟ್ಟಿಯಿಂದ ಇವರ ಹೆಸರು ತೆಗೆಯಿರಿ" ಎಂದು ಹೇಳಿ ನಡೆದರು.

ನೀಲವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡರು. "ಎಷ್ಟ ದಿವಸದಿಂದ ನೋವು ತಿಂದು, ಈಗರ ಒಪ್ಪಿ ಬಂದಿದ್ರು. ಈಗ ಮನಿಗೆ ಬಂದ್ರ ಮತ್ತ ಬರಂಗಿಲ್ಲರಿ ಇವರು."

ಆಗ ಮಾತ್ರ ನನ್ನ ಸಂಶೋಧನೆಯ ಅಮಲು ಇಳಿಯಿತು. ನಿಜವಾಗಿ ನೋವಿದ್ದ ಮನುಷ್ಯರು ಅವರು. ನನ್ನ ಉಪಚಾರ ಮುಂದುವರಿದರೆ ಆಪರೇಶನ್ ಬದಲು ಅವರು ಕೌದಿ, ಗಡಿಯಾರ, ಹರ್ನಿಯಾ ಮೂರನ್ನೂ ಹೊತ್ತು ಶಿರೂರಿನ ಬಸ್ಸು ಹತ್ತುತ್ತಿದ್ದರು.

ನೀಲವ್ವನನ್ನು ಹೊರಗೆ ಕರೆದು, ಹೇಗೆ ಹೇಳಬೇಕೋ ತಿಳಿಯದೆ, "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಕಾಕಾರನ್ನ ಸ್ವಲ್ಪ ಹೊತ್ತು ಒಬ್ಬರನ್ನ ಬಿಡೂಣ. ನೀವು ನಮ್ಮ ಮನಿಗೆ ಹೋಗಿ ಮಲಕೋರಿ" ಎಂದೆ.

ಅವರು ನೊಂದುಕೊಳ್ಳುತ್ತಾರೆ ಎಂದಿದ್ದೆ. ಅವರ ಮುಖ ಅರಳಿತು! "ಖರೇನ್ರಿ? ಯಾರಿಗೂ ಅಡಿಗಿ ಮಾಡೂದಿಲ್ಲೇನ್ರಿ?"

ನಮ್ಮ ಮನೆಯವರಿಗೆ ಫೋನು ಮಾಡಿ ನೀಲವ್ವನನ್ನೂ ಗಡಿಯಾರವನ್ನೂ ರಿಕ್ಷಾದಲ್ಲಿ ಕಳಿಸಿದೆ. ಬಂದು ಗುರುಬಸಪ್ಪನವರ ಪಕ್ಕದ ಸ್ಟೂಲಿನ ಮೇಲೆ ಕೂತೆ. ಸುಮ್ಮನೆ ಕೂತೆ. ಸಂಶೋಧನೆ ಶುರುವಾದ ಮೇಲೆ ನಾನು ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು.

ಅವರೇ ಮಾತಾಡಿದರು. "ಸಿಸ್ಟರ್, ಒಂದ ಮಾತ ಹೇಳ್ಲಿ? ಸಿಟ್ಟ ಬರಬಾರದು."

"ಹೇಳ್ರಿ ಕಾಕಾ."

"ಇಲ್ಲಿ ಬಂದಾಗಿಂದ ನನ್ನ ಹೆಸರ ಹಿಡದು ಒಬ್ರೂ ಕರದಿದ್ದಿಲ್ಲ. ಗಿರಾಕಿ ಇಲ್ಲ, ಟಾಕಿ ಇಲ್ಲ, ಬಾಜೂ ಮನಿಯವ್ರಿಲ್ಲ. ಕೂತಲ್ಲೇ ಚಹಾ ಬರತಿತ್ತು. ಅಂಗಡಿ ಹಾಕಿದಾಗಿಂದ ಇಂಥಾ ಆರಾಮ ನಾ ಕಂಡಿದ್ದಿಲ್ಲರಿ. ಫ್ಯಾನ್ ನೋಡಕೋಂತ ಮಲಗಿದ್ದೆ. ಅಷ್ಟರಾಗ ನೀವು ಬಂದ್ರಿ."

ಭೂಮಿ ಬಾಯಿಬಿಡಬಾರದೇ ಎನಿಸಿತು. ಇದೆಲ್ಲ ನನ್ನ ಓದಿಗಾಗಿ ಮಾಡಿದ ಪ್ರಯೋಗ ಎಂದು ಒಪ್ಪಿಕೊಂಡೆ. ಆದರೂ ಕೇಳಿದೆ. "ಹಂಗಾದ್ರ ನಾ ಬರೂ ಮೊದಲ ಪ್ರೆಶರ್ ಯಾಕ ಹೆಚ್ಚಿತ್ರಿ? ನಿಮಗ ಹೆದರಿಕಿ ಏನರ ಅದ ಏನು?"

ಅವರು ಪಕ್ಕದ ಖಾಲಿ ಮಂಚದ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಅಲ್ಲಿ ಬಾರಾಮತಿಯವ್ರೊಬ್ರು ಇದ್ರು. ನನ್ನ ರೋಗನ ಅವರಿಗೂ. ಆಪರೇಶನ್‌ಗೆ ಒಯ್ದ್ರು. ತಿರುಗಿ ಬರಲಿಲ್ಲರಿ. ಕೇಳಾಕ ನನಗ ಧೈರ್ಯ ಆಗಲಿಲ್ಲ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬಾರಾಮತಿಯವರು ಎಲ್ಲಿಗೂ ಹೋಗಿರಲಿಲ್ಲ. ಅವರನ್ನು ಆಪರೇಶನ್ ಆದ ಮೇಲೆ ಮೊದಲ ಕೆಲವು ದಿನಕ್ಕೆಂದು ಕಾರಿಡಾರಿನಾಚೆಯ ವಾರ್ಡಿನಲ್ಲಿ ಮಲಗಿಸಿದ್ದರು. ಗುರುಬಸಪ್ಪನವರ ಕೈ ಹಿಡಿದು ನಿಧಾನವಾಗಿ ಅಲ್ಲಿಗೆ ನಡೆಸಿಕೊಂಡು ಹೋದೆ. ಬಾರಾಮತಿಯವರು ದಿಂಬಿಗೆ ಒರಗಿ ಗ್ಲುಕೋಸ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಇವರನ್ನು ಕಂಡು, "ಯಾ, ಬಸಾ!" ಎಂದು ಕರೆದು ಕೂರಲು ಮಂಚದ ಅಂಚು ತೋರಿಸಿದರು.

ಗುರುಬಸಪ್ಪನವರು ಕೂರಲಿಲ್ಲ. ಅವರ ಹೆಗಲನ್ನು ಒಮ್ಮೆ ಮುಟ್ಟಿ ನೋಡಿದರು. ಬಿಸಿಯಾಗಿದೆ ಎಂದು ಖಾತ್ರಿಯಾದ ಮೇಲೆ ಕೂತರು. ಬಿಸ್ಕತ್ತು ಇಸಿದುಕೊಂಡರು. ಬೆನ್ನಿಗೆ ಸೂಜಿ ಚುಚ್ಚಿದಾಗ ಹೇಗಾಯಿತು, ಒಳಗೆ ಎಚ್ಚರವಿತ್ತೇ, ಎದ್ದ ಮೇಲೆ ಏನು ತಿಂದಿರಿ, ಎಲ್ಲವನ್ನೂ ಹರುಕು ಮರಾಠಿಯಲ್ಲಿ ಕೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಸಹಾಯ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಪಾದರಸ ಇಳಿದಿತ್ತು. ಸರ್ಜನ್ ಸಾಹೇಬರು ಎರಡು ದಿನ ಕಾದು ನೋಡಿ ಆಪರೇಶನ್ ಮಾಡಿದರು. ಚೆನ್ನಾಗಿಯೇ ಆಯಿತು. ಆ ದಿನಗಳಲ್ಲಿ ನೀಲವ್ವ ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿದರು. ನಮ್ಮ ಯಜಮಾನರು ಮಾತ್ರ ಒಂದು ದಿನ ವಾರ್ಡಿಗೇ ಫೋನು ಮಾಡಿದರು.

"ಈ ಗಡಿಯಾರಕ್ಕ ಏನರ ಇಂಜೆಕ್ಷನ್ ಅದ ಏನು? ಇಲ್ಲಾ, ನನ್ನನ್ನರ ಅಡ್ಮಿಟ್ ಮಾಡಕೋ!"

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕಿಯ ಮುಂದೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಗಡಿಯಾರದ ಭಾಗದಲ್ಲಿ ಅವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಗಂಭೀರವಾಗಿ, "ಸರಿ, ಪರಿಷ್ಕೃತ ಸಿದ್ಧಾಂತ ಏನು?" ಎಂದರು.

"ಪರಿಚಿತವಾದದ್ದೆಲ್ಲ ಸಮಾಧಾನ ಕೊಡುವುದಿಲ್ಲ, ಮೇಡಂ. ಯಾರಿಗೆ ಯಾವುದು ಎಂದು ಮೊದಲು ರೋಗಿಯನ್ನೇ ಕೇಳಬೇಕು."

"ಇದು ಯಾರಿಗೆಲ್ಲ ಅನ್ವಯಿಸುತ್ತದೆ?"

ಯೋಚಿಸಿದೆ. "ಸದ್ಯಕ್ಕೆ ಗುರುಬಸಪ್ಪನವರಿಗೆ."

"ಹಾಗಾದರೆ ಇದು ಮಧ್ಯಮ ವ್ಯಾಪ್ತಿಯದಲ್ಲ. ಒಂದೇ ಮಂಚದ ವ್ಯಾಪ್ತಿಯದು!" ಎಂದರು. ದೇಶಮುಖ ಮೇಡಂ ಮೇಜಿನ ಮೇಲಿನ ನೀರಿನ ಲೋಟವನ್ನೇ ನೋಡುತ್ತಿದ್ದರು. ಆದರೂ ಪರೀಕ್ಷಕಿ ಪಾಸು ಮಾಡಿದರು. ಸಿದ್ಧಾಂತಕ್ಕೋ, ಬಾರಾಮತಿಯವರ ಬಿಸ್ಕತ್ತಿಗೋ ತಿಳಿಯಲಿಲ್ಲ.

ಕೆಲವು ತಿಂಗಳ ಮೇಲೆ, ಪದವಿ ಸಿಕ್ಕಿದ ಗತ್ತಿನಲ್ಲಿ ಅದೇ ವಾರ್ಡಿನಲ್ಲಿ ಓಡಾಡುತ್ತಿದ್ದೆ. ಬಾಗಿಲಲ್ಲಿ ಗುರುಬಸಪ್ಪನವರು! ಕೈಯಲ್ಲಿ ಸಣ್ಣ ಚೀಲ. ನನಗೆ ಒಂದು ರವಿಕೆಯ ಖಣವನ್ನೂ ತಂದಿದ್ದರು.

"ಇನ್ನೊಂದ ಬಾಜೂಕೂ ಹರ್ನಿಯಾ ಆಗೇತಿ ಅಂತ ಹೇಳ್ಯಾರ್ರಿ" ಎಂದರು. ಈ ಸಲ ಮುಖದಲ್ಲಿ ಹೆದರಿಕೆಯ ಲವಲೇಶವೂ ಇರಲಿಲ್ಲ.

"ಬರ್ರಿ ಕಾಕಾ, ಬರ್ರಿ. ಕಿಡಕಿ ಬಾಜೂನ ಮಂಚಾನ ಖಾಲಿ ಅದ" ಎಂದು ಉತ್ಸಾಹದಿಂದ ಚೀಲಕ್ಕೆ ಕೈ ಹಾಕಿದೆ.

ಅವರು ಚೀಲ ಬಿಡಲಿಲ್ಲ. ಹೆಜ್ಜೆಯನ್ನೂ ಮುಂದಿಡಲಿಲ್ಲ. "ಸಿಸ್ಟರ್, ಒಂದ ಮಾತ. ನಿಮ್ಮ ಓದೂದು ಮುಗದೈತಲ್ರೀ?"

"ಮುಗದದ್ರಿ."

"ಮತ್ತೇನೂ ಓದಾಕತ್ತಿಲ್ಲಲ್ರೀ?"

"ಇಲ್ರಿ."

"ಖರೇ?"

"ಖರೇನ ಇಲ್ಲರಿ ಕಾಕಾ!"

ಅವರು ವಾರ್ಡಿನ ಇನ್ನೊಬ್ಬ ಸಿಸ್ಟರ್ ಕಡೆ ತಿರುಗಿ ಮರಾಠಿಯಲ್ಲಿ ಅದನ್ನೇ ಕೇಳಿ ಖಚಿತಪಡಿಸಿಕೊಂಡರು. ಆಮೇಲೆ ಚೀಲವನ್ನು ನನ್ನ ಕೈಗೆ ಕೊಟ್ಟು, ನಿಶ್ಚಿಂತೆಯಿಂದ ಮಂಚ ಹತ್ತಿ ಮಲಗಿದರು.